ಮರೆತವರ ತಪ್ಪು

ಜೂನ್ 14

ಅಕ್ಕಾ,

ಬಂದರಿನಲ್ಲಿ ಎಲ್ಲ ಕ್ಷೇಮವೇ? ಕ್ರೇನಿನ ಗೂಡಿನಲ್ಲಿ ಕೂತು ಕೆಳಗಿನವರನ್ನೆಲ್ಲ ಇರುವೆಗಳಂತೆ ನೋಡುವ ನಿನಗೆ ಈ ಇರುವೆಯ ನಮಸ್ಕಾರ. ಮನೆಯ ಫೋನನ್ನು ಅಪ್ಪ ಎತ್ತಿಬಿಟ್ಟಾರೆಂದು ನೀನು ಮಾಡುವುದಿಲ್ಲ. ನಾನು ಮಾಡಿದರೆ ಅವರು ಪಕ್ಕದಲ್ಲಿದ್ದಾರೆಂದು ನೀನು ಎತ್ತುವುದಿಲ್ಲ. ಹೀಗಾಗಿ ಕಾಗದವೇ ಗತಿ.

ಕಳೆದ ವಾರ ತತ್ವಶಾಸ್ತ್ರದ ತರಗತಿಯಲ್ಲಿ ನಮ್ಮ ಪ್ರೊಫೆಸರ್ ಒಂದು ಪ್ರಶ್ನೆ ಹಾಕಿದರು. ನಿನ್ನೆಯ ನೀನು, ಇವತ್ತಿನ ನೀನು ಒಬ್ಬನೇ ಎನ್ನುವುದಕ್ಕೆ ಏನು ಆಧಾರ? ಮೈಯೇ ಎಂದರು ಕೆಲವರು. ಮಗುವಾಗಿದ್ದಾಗಿನ ಮೈ ಈಗೆಲ್ಲಿದೆ? ಹೆಸರು ಎಂದರು ಇನ್ನು ಕೆಲವರು. ಅದನ್ನು ಒಂದು ಅರ್ಜಿ ಕೊಟ್ಟು ಬದಲಾಯಿಸಬಹುದು. ಕೊನೆಗೆ ಚರ್ಚೆ ನೆನಪಿನ ಹತ್ತಿರ ಬಂದು ನಿಂತಿತು. ನಾನು ಮಾಡಿದ್ದೆಂದು ನನಗೆ ನೆನಪಿರುವುದೇ ನಾನು. "ಹಾಗಾದ್ರೆ ನೆನಪೇ ಹೋದವರ ಕಥೆ ಏನು ಸಾರ್?" ಎಂದು ಕೇಳಿದೆ. "ಅದನ್ನ ನೀನೇ ಬರ್ಕೊಂಡು ಬಾ" ಎಂದು ನನ್ನ ತಲೆಗೇ ಕಟ್ಟಿದರು. ಈ ವರ್ಷದ ನನ್ನ ಪ್ರಬಂಧ ಅದೇ.

ಅಂದ ಹಾಗೆ, ಅಪ್ಪನಿಗೂ ಈಚೆಗೆ ಸ್ವಲ್ಪ ಮರೆವು. ವಯಸ್ಸಿನದ್ದು, ಗಾಬರಿ ಬೇಡ. ಮೊನ್ನೆ ಮಹಡಿ ಮನೆಯ ನರ್ಸಮ್ಮನಿಗೆ ಹೇಳುತ್ತಿದ್ದರು: "ನನ್ ಮಗಳು ಗಣಿತದಲ್ಲಿ ಇಡೀ ಶಾಲೆಗೇ ಫಸ್ಟು. ಬಿಡಿಸದ ಲೆಕ್ಕ ಇಲ್ಲ." ನಾನು ಬಾಗಿಲಲ್ಲೇ ನಿಂತುಬಿಟ್ಟೆ ಅಕ್ಕ. ಆ ಪರೀಕ್ಷೆ, ಆ ಚೀಟಿ, ನಿನ್ನ ಉತ್ತರಪತ್ರಿಕೆ ಕಿತ್ತುಕೊಂಡದ್ದು, ಯಾವುದೂ ಅವರ ತಲೆಯಲ್ಲಿಲ್ಲ. ಅಳಿಸಿಹೋಗಿದೆ.

ಈಗ ಯೋಚನೆ ಮಾಡು. ನಿನಗೆ ಅನ್ಯಾಯ ಮಾಡಿದ ಆ ಅಪ್ಪ, ಆ ಗಣಿತದ ಮೇಷ್ಟ್ರು, ಈಗ ಎಲ್ಲೂ ಇಲ್ಲ. ಇಲ್ಲಿರುವವರು ಮಗಳ ಹೆಸರು ಹೇಳಿದರೆ ಮುಖ ಅರಳಿಸುವ ಒಬ್ಬ ಮುದುಕರು. ಅವರು ಮಾಡಿದ ತಪ್ಪಿಗೆ ಇವರ ಮೇಲೆ ಸಿಟ್ಟೇಕೆ? ರಜೆ ಹಾಕಿ ಒಂದು ಸಲ ಬಂದು ಹೋಗು.

ನಿನ್ನ
ತಮ್ಮ


ಜೂನ್ 27

ಯಾಕಪ್ಪನಿಗೆ,

ಮಾತು ಕಲಿತಾಗಿನಿಂದ "ಯಾಕೆ, ಯಾಕೆ" ಎಂದು ತಲೆ ತಿನ್ನುತ್ತಿದ್ದೆ ಎಂದು ನಾನೇ ಇಟ್ಟ ಹೆಸರು ಇದು. ಆ ಹುಡುಗ ದೊಡ್ಡವನಾಗಿ ಬುದ್ಧಿವಂತನಾಗುತ್ತಾನೆ ಎಂದುಕೊಂಡಿದ್ದೆ. ಮೇಷ್ಟ್ರ ವಕೀಲನಾಗಿದ್ದೀಯ.

ನಿನ್ನ ಕಾಗದ ಓದಿಕೊಂಡು ಕ್ರೇನ್ ಹತ್ತಿದೆ. ಮೈಯೆಲ್ಲ ಉರಿಯುತ್ತಿತ್ತು. ಒಂದು ಕಂಟೇನರನ್ನು ತಪ್ಪಿ ಬೇರೆ ಲಾರಿಯ ಮೇಲೆ ಇಟ್ಟೆ. ಕೆಳಗಿದ್ದ ಸಿಗ್ನಲ್‌ನವನು ವಾಕಿಟಾಕಿಯಲ್ಲಿ "ಏನಮ್ಮಾ, ಇವತ್ತು ಭೂಮಿ ಮೇಲೆ ಇದೀರೋ ಇಲ್ವೋ?" ಎಂದ. ಆ ಲಾರಿ ಚಾಲಕ ನನಗೆ ಬೈದದ್ದೆಲ್ಲ ನಿನಗೇ ಸಲ್ಲಬೇಕು.

ಅಂದರೆ ನನಗಾದ ಅನ್ಯಾಯಕ್ಕೆ ಈಗ ದಿಕ್ಕುದೆಸೆ ಇಲ್ಲ, ಅಲ್ಲವೇ? ಪೆಟ್ಟು ಮಾತ್ರ ನನ್ನ ಬೆನ್ನಿನ ಮೇಲಿದೆ, ಹೊಡೆದ ಕೈ ಯಾರದೂ ಅಲ್ಲ. ಎಷ್ಟು ಅನುಕೂಲ! ನಾಳೆ ಯಾವನೋ ಮನೆ ದೋಚಿಕೊಂಡು ಹೋಗಿ "ನಂಗೆ ಮರ್ತೋಯ್ತು ಸ್ವಾಮಿ" ಎಂದರೆ ನಿಮ್ಮ ಪ್ರೊಫೆಸರ್ ಅವನನ್ನು ಕೂರಿಸಿ ಕಾಫಿ ಕೊಡುತ್ತಾರೋ?

ನೀನಾಗ ಒಂದನೇ ಕ್ಲಾಸು, ನಿನಗೆ ಗೊತ್ತಿರುವುದೆಲ್ಲ ಯಾರೋ ಹೇಳಿದ್ದು. ನಾನು ಹೇಳುತ್ತೇನೆ, ಕೇಳು. ಶಾಲೆಯ ಕೊನೆಯ ವರ್ಷದ ಪರೀಕ್ಷೆ, ಗಣಿತದ ದಿನ. ಬರಬೇಕಾದವರಿಗೆ ಹುಷಾರಿಲ್ಲವೆಂದು ಮೇಷ್ಟ್ರು ನಮ್ಮ ಕೋಣೆಯ ಮೇಲ್ವಿಚಾರಣೆಗೆ ಬಂದರು. ಅರ್ಧ ಸಮಯ ಆಗಿತ್ತು. ಹಿಂದಿನ ಬೆಂಚಿನಿಂದ ಯಾರೋ ಎಸೆದ ಚೀಟಿ ನನ್ನ ಕಾಲ ಹತ್ತಿರ ಬಿತ್ತು. ನಾನು ಬಗ್ಗಲೂ ಇಲ್ಲ. ಅವರು ಬಂದು ಎತ್ತಿಕೊಂಡರು, ಬಿಡಿಸಿ ಓದಿದರು. ಅವರು ಓದಿದ್ದನ್ನು ನಾನು ನೋಡಿದೆ. ನನಗೆ ಅಕ್ಷರ ತಿದ್ದಿಸಿದ್ದು ಅವರೇ. ಆ ಕೋಳಿ ಕೆದರಿದಂಥ ಅಕ್ಷರ ನನ್ನದಲ್ಲವೆಂದು ಅವರಿಗೆ ಗೊತ್ತಾಗಲಿಲ್ಲವೇ? "ಯಾರದಿದು?" ಎಂದರು. ಯಾರೂ ಒಪ್ಪಿಕೊಳ್ಳಲಿಲ್ಲ. ಬಾಗಿಲಲ್ಲಿ ಹೆಡ್‌ಮಾಸ್ಟರು ಬಂದು ನಿಂತಿದ್ದರು. ಅವರನ್ನೊಮ್ಮೆ ನೋಡಿ, ಮೇಷ್ಟ್ರು ನನ್ನ ಉತ್ತರಪತ್ರಿಕೆಯನ್ನು ಎಳೆದುಕೊಂಡರು.

ಎರಡು ವರ್ಷ ಪರೀಕ್ಷೆ ಬರೆಯುವಂತಿಲ್ಲ ಎಂದಾಯಿತು. ಊರೆಲ್ಲ ಅವರ ಬೆನ್ನು ತಟ್ಟಿತು. ಸ್ವಂತ ಮಗಳನ್ನೂ ಬಿಡಲಿಲ್ಲವಂತೆ! ನ್ಯಾಯ ಅಂದರೆ ಹೀಗಿರಬೇಕಂತೆ! ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದರು, ನಾನು ಮನೆಯಲ್ಲಿ ನಿನಗೆ ಊಟ ಮಾಡಿಸುತ್ತಾ ಕೂತಿದ್ದೆ. ನ್ಯಾಯವಂತ ಅನ್ನಿಸಿಕೊಳ್ಳುವುದಕ್ಕಾಗಿ ಮಾಡಿದ್ದು ನ್ಯಾಯವಾಗುತ್ತದೆಯೇ? ಹೋಗಿ ನಿನ್ನ ಪ್ರೊಫೆಸರನ್ನು ಕೇಳು.

ಇನ್ನೊಂದು ಮಾತು. ನಾನು ನಿನ್ನ ಪ್ರಬಂಧದ ಉದಾಹರಣೆಯಲ್ಲ. ನನ್ನನ್ನು ಅದರಲ್ಲಿ ತುರುಕಬೇಡ.

ಅಕ್ಕ


ಜುಲೈ 5

ಅಕ್ಕಾ,

ನಿನ್ನ ಕಾಗದ ಓದಿದೆ. ಕಾಗದವಲ್ಲ ಅದು, ಕಪಾಳಕ್ಕೆ ಬಿಟ್ಟ ಏಟು. ಸರಿ, ನನಗೂ ಕೈ ಇದೆ.

ಮೇಲೆ ಕೂತು ತೀರ್ಪು ಕೊಡುವುದು ಬಹಳ ಸುಲಭ. ಅವತ್ತು ಅಪ್ಪನಿಗೆ ಬೇರೆ ದಾರಿ ಇತ್ತೇ ಎಂದು ಒಂದು ದಿನವಾದರೂ ಯೋಚಿಸಿದ್ದೀಯಾ? ಅಮ್ಮ ತೀರಿಹೋಗಿದ್ದಳು, ಎರಡು ಮಕ್ಕಳು, ಬಾಗಿಲಲ್ಲಿ ಹೆಡ್‌ಮಾಸ್ಟರು, ಒಳಗೆ ಕೋಣೆ ತುಂಬ ಬಾಯಿಗಳು. ಬಿಟ್ಟಿದ್ದರೆ "ಮಗಳನ್ನ ಬಿಟ್ಟ" ಎಂದು ಊರು ತಿಂದುಹಾಕುತ್ತಿತ್ತು. ಹುಟ್ಟಿದ ಮನೆ, ಕಲಿತ ಪಾಠ, ಹೆದರಿಕೆ ಎಲ್ಲ ಸೇರಿ ಆ ಕೈಯನ್ನು ಮುಂದೆ ತಳ್ಳಿದವು. ನಾವು ಮಾಡುತ್ತೇವೆ ಎಂದುಕೊಳ್ಳುವುದನ್ನು ನಿಜವಾಗಿ ನಾವೇ ಮಾಡುತ್ತೇವೆಯೇ ಎನ್ನುವುದು ಇನ್ನೂ ಬಗೆಹರಿಯದ ಪ್ರಶ್ನೆ. ದೊಡ್ಡ ದೊಡ್ಡವರೆಲ್ಲ ಅದರ ಮುಂದೆ ತಲೆ ಕೆರೆದುಕೊಂಡಿದ್ದಾರೆ. ನೀನೊಬ್ಬಳು ಮಾತ್ರ ಒಂದು ಪುಟದಲ್ಲಿ ಮುಗಿಸಿಬಿಟ್ಟೆ.

ಇನ್ನು ನಿನ್ನ ನೆನಪಿನ ವಿಚಾರ. ಆ ದಿನವನ್ನು ಪಾತ್ರೆಯಂತೆ ದಿನಾ ಬೆಳಗಿ ಬೆಳಗಿ ಇಟ್ಟುಕೊಂಡಿದ್ದೀಯ. ಅದರಿಂದ ಯಾರಿಗೆ ಏನು ಸಿಕ್ಕಿತು? ನಿನಗೆ ಹದಿನೆಂಟಾದ ಕೂಡಲೇ ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಆ ಪೆಟ್ಟಿಗೆಯಲ್ಲಿ ನನಗೆ ಜಾಗ ಇರಲಿಲ್ಲ. ಅಪ್ಪನ ಮೇಲಿನ ಸಿಟ್ಟಿಗೆ ನನ್ನನ್ನೂ ಬಿಟ್ಟು ಹೋದೆಯಲ್ಲ, ಅದು ಯಾವ ನ್ಯಾಯ?

ಹೆಚ್ಚು ಬರೆಯಲು ಹೊತ್ತಿಲ್ಲ. ಈಚೆಗೆ ಕಾಲೇಜಿಗೆ ಹೋಗುವುದು ಸ್ವಲ್ಪ ತಪ್ಪುತ್ತಿದೆ, ಮನೆಯಲ್ಲೇ ಓದುತ್ತಿದ್ದೇನೆ. ಒಂದೇ ಪ್ರಶ್ನೆಗೆ ಉತ್ತರ ಕೊಡು. ನಿನಗೆ ಏನು ಬೇಕು? ಅಪ್ಪ ಏನು ಮಾಡಿದರೆ ಇದು ಮುಗಿಯುತ್ತದೆ?

ತಮ್ಮ


ಜುಲೈ 16

ಯಾಕಪ್ಪ,

ನಿನ್ನನ್ನು ಬಿಟ್ಟುಬಂದ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಇದ್ದಿದ್ದರೆ ಇಷ್ಟು ವರ್ಷ ನಿನಗೆ ಅಂಗಿ, ಪುಸ್ತಕ ಎಂದು ಪಾರ್ಸೆಲ್ ಕಳಿಸುತ್ತಿರಲಿಲ್ಲ.

ಮಿಕ್ಕದ್ದಕ್ಕೆ ಇದೆ. ಬೇರೆ ದಾರಿ ಇರಲಿಲ್ಲವಂತೆ! ಒಬ್ಬೊಬ್ಬರ ಕೈಯನ್ನೂ ಇನ್ನೊಂದೇನೋ ತಳ್ಳುತ್ತದೆ ಎನ್ನುವುದಾದರೆ, ಅವರಿಗೆ ಶಾಲು ಯಾಕೆ ಹೊದಿಸಿದರು? ಕೈ ತಳ್ಳಿದ ಹೆದರಿಕೆಗೇ ಹೊದಿಸಬೇಕಿತ್ತು. ಹೊಗಳಿಕೆ ಬರುವಾಗ "ನಾನೇ ಮಾಡಿದ್ದು", ಬೈಗುಳ ಬರುವಾಗ "ನನ್ನ ಕೈಯಲ್ಲೇನಿದೆ"! ನಿಮ್ಮ ಶಾಸ್ತ್ರಕ್ಕೆ ಎರಡು ನಾಲಗೆ. ಮತ್ತೆ ಕಾಲೇಜು ತಪ್ಪಿಸುವುದು ಒಂದು ಬೇರೆ. ಮನೆಯಲ್ಲಿ ಕೂತು ಛಾವಣಿ ನೋಡುತ್ತಾ ಇಂಥ ತರ್ಕ ಹೊಸೆಯುವುದಕ್ಕೋ? ಸೋಮಾರಿ. ನೆಟ್ಟಗೆ ಕ್ಲಾಸಿಗೆ ಹೋಗು.

ಏನು ಬೇಕು ಎಂದು ಕೇಳಿದೆ. ಒಳ್ಳೆಯದಾಯಿತು, ಇದುವರೆಗೆ ಯಾರೂ ಕೇಳಿರಲಿಲ್ಲ. ನನಗೆ ಅವರ ಕಣ್ಣೀರು ಬೇಡ, ನನ್ನನ್ನು ಶಾಲೆಗೇ ಫಸ್ಟು ಮಾಡುವ ಪ್ರೀತಿಯೂ ಬೇಡ. ಆ ಫಸ್ಟು ಬಂದ ಹುಡುಗಿ ಯಾರೋ, ನಾನಲ್ಲ. ನನಗೆ ಬೇಕಾದದ್ದು ಅವರ ಕೈಯಲ್ಲಿ ಬರೆದ ಒಂದೇ ಮಾತು. "ಆ ಚೀಟಿ ನಿನ್ನದಲ್ಲ ಎಂದು ನನಗೆ ಗೊತ್ತಿತ್ತು." ಅಷ್ಟು ಬಂದ ದಿನ ನಾನು ಬರುತ್ತೇನೆ.

ಅಕ್ಕ


ಆಗಸ್ಟ್ 2

ಅಕ್ಕಾ,

ಜೊತೆಗಿರುವ ಹಾಳೆ ಅಪ್ಪನದು. ಅವರೇ ಕೂತು ಬರೆದದ್ದು. ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ. ನಾನು ಏನೂ ಹೇಳುವುದಿಲ್ಲ.

ಬರುವ ದಿನ ತಿಳಿಸು.

ತಮ್ಮ


ಆಗಸ್ಟ್ 9

ನನ್ನ ಮುದ್ದು ಯಾಕಪ್ಪಾ,

ಹಾಳೆ ಬಂತು. ಕ್ಯಾಂಟೀನಿನಲ್ಲಿ ಬಿಡಿಸಿದೆ, ಎಲ್ಲರೆದುರು ಅತ್ತುಬಿಟ್ಟೆ. ನಮ್ಮ ಫೋರ್‌ಮನ್ನು ಯಾರೋ ಸತ್ತರೆಂದುಕೊಂಡು ನನಗೆ ರಜೆ ಕೊಟ್ಟ. ಕೊಟ್ಟ ರಜೆಯನ್ನು ಬೇಡವೆನ್ನಲಿಲ್ಲ. ಸಮುದ್ರದ ಕಡೆಗೆ ಹೋಗಿ ಕಟ್ಟೆಯ ಮೇಲೆ ಕೂತು ಮತ್ತೆ ಮತ್ತೆ ಓದಿದೆ.

"ಮಗಳೇ, ಆ ಚೀಟಿ ನಿನ್ನದಲ್ಲ ಎಂದು ನನಗೆ ಗೊತ್ತಿತ್ತು. ಜನಕ್ಕೆ ಹೆದರಿ ನಿನ್ನ ಪತ್ರಿಕೆ ಕಿತ್ತುಕೊಂಡೆ. ನನ್ನಿಂದ ತಪ್ಪಾಯಿತು." ಅದೇ ಅಕ್ಷರ, ಒಂದೊಂದೂ ಸಾಲಾಗಿ ನಿಂತ ಹುಡುಗರ ಹಾಗೆ. ಕೈ ಕೂಡ ನಡುಗಿಲ್ಲ. ಮೇಷ್ಟ್ರಿಗೆ ನೆನಪಿದೆ ನೋಡು! ನೀನು, ನಿನ್ನ ಪ್ರೊಫೆಸರು ಇಬ್ಬರೂ ಸೋತಿರಿ. ಮರೆತಂತೆ ಇದ್ದರು ಅಷ್ಟೆ, ಒಳಗೆ ಎಲ್ಲ ಇತ್ತು.

ಈ ತಿಂಗಳ ಕೊನೆಗೆ ಬರುತ್ತೇನೆ. ಅವರಿಗೆ ಹೇಳು. ಬೇಡ, ಹೇಳಬೇಡ, ನಾನೇ ಬಂದು ಬಾಗಿಲು ತಟ್ಟುತ್ತೇನೆ.

ಅಕ್ಕ


ಆಗಸ್ಟ್ 14

ನನಗೆ ನಾಚಿಕೆಯಾಗುತ್ತಿದೆ. ನಿನ್ನ ಬಗ್ಗೆ ಅಲ್ಲ, ನನ್ನ ಬಗ್ಗೆ.

ಆ ಹಾಳೆಯನ್ನು ಕನ್ನಡಿಯ ಮೂಲೆಗೆ ಸಿಕ್ಕಿಸಿಟ್ಟಿದ್ದೆ. ಹಾಸ್ಟೆಲಿನ ನನ್ನ ಕೋಣೆಯವಳು, ಸುಂಕದ ಆಫೀಸಿನ ಗುಮಾಸ್ತೆ, ಬೆಳಗ್ಗೆ ತಲೆ ಬಾಚಿಕೊಳ್ಳುತ್ತಾ ಕೇಳಿದಳು: "ಇದೇನೇ ಇದು, ಸಾಲು ಸಾಲಿಗೂ ಕೆಂಪು ಗುರುತು? ಕೆಳಗೆ ಹತ್ತಕ್ಕೆ ಹತ್ತು ಅಂತ ಬೇರೆ ಹಾಕಿದ್ದಾರೆ. ನಿಮ್ಮಪ್ಪ ಕ್ಷಮೆ ಕೇಳಿ ಮಾರ್ಕ್ಸೂ ಹಾಕ್ಕೊಂಡ್ರಾ?"

ಹೌದು. ಗುರುತುಗಳಿವೆ. ಕೆಂಪು ಶಾಯಿಯಲ್ಲಿ. ಇಷ್ಟು ದಿನ ನನ್ನ ಕಣ್ಣೆದುರೇ ಇದ್ದವು, ನನಗೆ ಕಾಣಲಿಲ್ಲ. ಕಳಿಸುವಾಗ ನಿನಗೂ ಕಾಣಲಿಲ್ಲ. ಹೇಗೆ ಕಾಣಬೇಕು? ನಮ್ಮ ಮನೆಯಲ್ಲಿ ಕೆಂಪು ಗುರುತಿಲ್ಲದ ಕಾಗದ ಎಲ್ಲಿತ್ತು? ಸಾಮಾನಿನ ಚೀಟಿಯನ್ನೂ ತಿದ್ದಿ ಅಂಗಡಿಗೆ ಕಳಿಸುತ್ತಿದ್ದವರು ಅವರು.

ಅಂದರೆ ಅದು ಉಕ್ತಲೇಖನ. ನೀನು ಹೇಳಿದೆ, ಅವರು ಬರೆದರು, ತಪ್ಪಿದೆಯೇ ಎಂದು ನೋಡಿದರು, ತಮಗೆ ತಾವೇ ಪೂರ್ತಿ ಅಂಕ ಕೊಟ್ಟುಕೊಂಡರು. ಬರೆದದ್ದು ಯಾರ ಮಗಳ ವಿಷಯ ಎಂದಾದರೂ ಅವರಿಗೆ ಗೊತ್ತಿತ್ತೇನೋ?

ಎಂಥ ಕೆಲಸ ಮಾಡಿದೆ! ಕಿವಿಗೆ ಹೂವಿಡುವುದಕ್ಕೆ ನಾನೇ ಬೇಕಾಗಿತ್ತೇ? ಅವರು ನನ್ನನ್ನು ಬಳಸಿಕೊಂಡು ಊರಿನ ಬಾಯಿ ಮುಚ್ಚಿಸಿದರು. ನೀನು ಅವರನ್ನು ಬಳಸಿಕೊಂಡು ನನ್ನ ಬಾಯಿ ಮುಚ್ಚಿಸಲು ಹೊರಟೆ. ಇಬ್ಬರಲ್ಲಿ ವ್ಯತ್ಯಾಸವೇನು? ಅವರಾದರೂ ತಮ್ಮ ಕೈಯಿಂದ ಮಾಡಿದರು. ನಾನು ಕ್ಯಾಂಟೀನಿನಲ್ಲಿ ಅತ್ತೆನಲ್ಲ, ಅದನ್ನು ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ.

ನಾನು ಬರುವುದಿಲ್ಲ. ಬರೆಯುವುದೂ ಇಲ್ಲ.


ಅಕ್ಟೋಬರ್ 1

ಅಕ್ಕಾ,

ನೀನು ಬರೆಯುವುದಿಲ್ಲವೆಂದೆ, ಓದುವುದಿಲ್ಲವೆಂದು ಹೇಳಲಿಲ್ಲ.

ಬರೆಸಿದ್ದು ನಾನೇ. ಕೈಗೆ ಅಕ್ಷರ ಮರೆಯದಿರಲಿ, ದಿನಾ ಏನಾದರೂ ಬರೆಸು ಎಂದು ನರ್ಸಮ್ಮ ಹೇಳಿದ್ದರು. ಮಧ್ಯಾಹ್ನ ಉಕ್ತಲೇಖನ ಮಾಡಿಸುತ್ತೇನೆ. ಅವತ್ತು ಪಾಠಪುಸ್ತಕದ ಬದಲು ನಿನ್ನ ಮಾತು ಹೇಳಿದೆ. ನಿಲ್ಲದೆ ಬರೆದರು. ಬರೆದು "ಮುಂದೆ?" ಎಂದರು. ಒಬ್ಬರಿಗೆ ನೆಮ್ಮದಿ ಸಿಗುವುದಾದರೆ ಸುಳ್ಳು ತಪ್ಪೇ ಎಂದು ತರಗತಿಯಲ್ಲಿ ಪ್ರೊಫೆಸರ್ ಕೇಳುತ್ತಿದ್ದರು. ನಾನು ಯಾವಾಗಲೂ ತಪ್ಪೆಂದೇ ವಾದಿಸಿದವನು. ಚಪ್ಪಾಳೆ ಕೂಡ ಬಿದ್ದಿತ್ತು.

ಈಗ ನಿಜ ಹೇಳುತ್ತೇನೆ, ಕೇಳು. "ಸ್ವಲ್ಪ ಮರೆವು" ಎಂದು ಬರೆದಿದ್ದೆನಲ್ಲ, ಅದು ಸ್ವಲ್ಪವಲ್ಲ. ಅಪ್ಪನನ್ನು ಒಬ್ಬರನ್ನೇ ಬಿಟ್ಟು ಬಾಗಿಲ ಆಚೆ ಹೋಗುವಂತಿಲ್ಲ. ಶಾಲೆಗೆ ಹೊತ್ತಾಯಿತೆಂದು ಚಪ್ಪಲಿ ಹಾಕದೆ ಹೊರಟುಬಿಡುತ್ತಾರೆ. ಕಳೆದ ತಿಂಗಳು ಬಸ್ ನಿಲ್ದಾಣದಲ್ಲಿ ಸಿಕ್ಕರು. ನರ್ಸಮ್ಮ ಡ್ಯೂಟಿ ಇಲ್ಲದ ಹೊತ್ತಲ್ಲಿ ಕೂತುಕೊಂಡರೆ ನಾನು ಕಾಲೇಜಿಗೆ ಓಡುತ್ತೇನೆ. ಮಿಕ್ಕ ದಿನ ಇಲ್ಲ. ನೀನು ಸೋಮಾರಿ ಎಂದೆ. ಅದನ್ನು ಓದುವಾಗ ಅವರ ಬಟ್ಟೆ ಒಗೆದು ಬಂದು ಕೂತಿದ್ದೆ.

ಯಾಕೆ ಮೊದಲೇ ಹೇಳಲಿಲ್ಲ ಎನ್ನುತ್ತೀಯ. ಹೇಳಿದ್ದರೆ ಕರುಣೆಗೆ ಬರುತ್ತಿದ್ದೆ. ನೀನು ಕರುಣೆಗೆ ಬರುವುದು ನನಗೆ ಬೇಡವಾಗಿತ್ತು. ತರ್ಕಕ್ಕೆ ಸೋತು ಬರಲಿ ಎಂದುಕೊಂಡೆ. ಎಂಥ ಬೆಪ್ಪು ನಾನು.

ನವೆಂಬರಿನಲ್ಲಿ ನನ್ನ ಕೊನೆಯ ಪರೀಕ್ಷೆ, ವಿಶ್ವವಿದ್ಯಾಲಯದ ಊರಿನಲ್ಲಿ. ಹತ್ತು ದಿನ ಅಲ್ಲೇ ಇರಬೇಕು. ನಾನು ಹೋಗುತ್ತಿಲ್ಲ. ನಿನ್ನ ಉತ್ತರಪತ್ರಿಕೆ ಕಿತ್ತುಕೊಂಡರು ಎಂದು ಇಷ್ಟು ವರ್ಷ ಕೂಗಿದೆಯಲ್ಲ, ನನ್ನದನ್ನೂ ಅವರೇ ಕಿತ್ತುಕೊಳ್ಳುತ್ತಿದ್ದಾರೆ. ಆದರೆ ನಾನು ಯಾರ ಮೇಲೆ ಕೂಗಲಿ? ಅಲ್ಲಿ ಕೂತು ಗುಂಡಿ ಹಾಕಿಕೊಳ್ಳಲು ಬಾರದೆ ನನ್ನ ಮುಖ ನೋಡುವವರ ಮೇಲೆ ಕೂಗಲೇ? ನಿನಗೆ ಸಿಟ್ಟು ಮಾಡಿಕೊಳ್ಳಲು ಒಬ್ಬ ಅಪ್ಪ ಇದ್ದರು. ನನಗೆ ಅದೂ ಇಲ್ಲ ಅಕ್ಕ.

ಬಾ ಎಂದು ಕೇಳುತ್ತಿಲ್ಲ. ತಿಳಿಸಿದೆ ಅಷ್ಟೆ.

ತಮ್ಮ


ಅಕ್ಟೋಬರ್ 9

ಲೋ ಪೆದ್ದ,

ರಜೆ ಬರೆದುಕೊಟ್ಟಿದ್ದೇನೆ. ಫೋರ್‌ಮನ್ನು "ಈ ಸಲ ನಿಜವಾಗ್ಲೂ ಯಾರಾದ್ರೂ ಸತ್ರಾ?" ಎಂದ. ಇನ್ನೂ ಇಲ್ಲ ಎಂದೆ.

ನಾನು ಬರುತ್ತಿರುವುದು ಅವರಿಗಾಗಿ ಅಲ್ಲ, ನೀನು ಪರೀಕ್ಷೆ ಬರೆಯಲಿ ಎಂದು. ಆ ಮನುಷ್ಯರಿಂದ ಒಂದೇ ಮನೆಯಲ್ಲಿ ಎರಡು ಪರೀಕ್ಷೆ ಹಾಳಾಗಲು ನಾನು ಬಿಡುವುದಿಲ್ಲ. ನಾನು ಬರುವ ಹೊತ್ತಿಗೆ ನೀನು ಹೊರಟಿರಬೇಕು. ನಿನ್ನ ಮುಖ ನೋಡಿದರೆ ಮೊದಲು ಹೊಡೆಯುತ್ತೇನೆ, ಆಮೇಲೆ ಅಳುತ್ತೇನೆ, ಎರಡಕ್ಕೂ ನನಗೆ ಮನಸ್ಸಿಲ್ಲ. ಬೀಗದ ಕೈ ನರ್ಸಮ್ಮನಿಗೆ ಕೊಟ್ಟು, ನಾನು ಬರುವವರೆಗೆ ಅವರನ್ನೇ ಮನೆಯಲ್ಲಿ ಕೂರಿಸಿ ಹೋಗು. ಅಲ್ಲಿ ಇಳಿದುಕೊಳ್ಳುವ ಕಡೆಯ ವಿಳಾಸ ಬರೆದಿಡು.

ಅಕ್ಕ


ನವೆಂಬರ್ 8

ಯಾಕಪ್ಪ,

ಪರೀಕ್ಷೆ ಹೇಗೆ ನಡೆಯುತ್ತಿದೆ? ಇದು ನಿನ್ನ ಕೊನೆಯ ಪತ್ರಿಕೆಯ ಮೊದಲು ಕೈಸೇರಿದರೆ ಪತ್ರಿಕೆ ಮುಗಿಸಿ ಓದು. ಇಲ್ಲದಿದ್ದರೆ ಮಧ್ಯದಲ್ಲಿ ಪೆನ್ನು ಬಿಟ್ಟು ಯೋಚಿಸುತ್ತಾ ಕೂರುವ ಪೈಕಿ ನೀನು.

ಮೊದಲು ನಿನಗೆ ಬೈಯುವುದನ್ನು ಮುಗಿಸುತ್ತೇನೆ. ಇದು "ಸ್ವಲ್ಪ ಮರೆವು" ಏನೋ? ಕಪಾಟಿಗೆಲ್ಲ ಚೀಟಿ ಅಂಟಿಸಿದ್ದೀಯ, ಲೋಟ ಇಲ್ಲಿ, ಟವೆಲು ಇಲ್ಲಿ ಎಂದು. ಗ್ಯಾಸ್ ಒಲೆಯ ತಿರುಗಿಸುವ ಗುಬುಟನ್ನೇ ಕಿತ್ತು ಡಬ್ಬಿಯಲ್ಲಿಟ್ಟಿದ್ದೀಯ. ನಿನ್ನ ಹಾಸಿಗೆ ಅವರ ಕೋಣೆಯ ಬಾಗಿಲಿಗೆ ಅಡ್ಡ ಇದೆ, ಅವರು ಎದ್ದರೆ ನಿನ್ನನ್ನು ತುಳಿದೇ ಬರಬೇಕು. ಇದನ್ನೆಲ್ಲ ಮಾಡಿಕೊಂಡು ನನಗೆ ತರ್ಕದ ಕಾಗದ ಬರೆಯುತ್ತಿದ್ದೆಯಾ? ನಾನೂ ಒಂದು ಸಲವಾದರೂ "ನೀನು ಹೇಗಿದ್ದೀಯ" ಎಂದು ಬರೆದಿದ್ದೇನೆಯೇ ಎಂದು ನೆನಪು ಮಾಡಿಕೊಂಡೆ. ಇಲ್ಲ. ಆ ಸಿಟ್ಟು ನನ್ನ ಮೇಲೆ ನನಗೇ ಇದೆ, ನಿನಗೆ ಅದರಲ್ಲಿ ಪಾಲು ಕೊಡುವುದಿಲ್ಲ.

ಈಗ ಅವರ ವಿಷಯ. ಬಾಗಿಲು ತೆಗೆದಾಗ ಹಜಾರದಲ್ಲಿ ನಿಂತಿದ್ದರು. ಬಡವಾಗಿದ್ದಾರೆ. ನನ್ನ ಚೀಲ ನೋಡಿ, "ಹೊಸದಾಗಿ ಬಂದ ಮೇಡಮ್ಮಾ? ಯಾವ ಸಬ್ಜೆಕ್ಟು?" ಎಂದರು. ದಾರಿಯುದ್ದಕ್ಕೂ ಏನೇನೋ ಮಾತು ಕಟ್ಟಿಕೊಂಡು ಬಂದಿದ್ದೆ. ಹೊಟ್ಟೆಯುರಿಗೆ "ಗಣಿತ" ಎಂದೆ. ಬಹಳ ಸಂತೋಷಪಟ್ಟರು. ಕುರ್ಚಿ ಒರೆಸಿ ಕೊಟ್ಟರು.

ಎರಡು ದಿನ ಹಾಗೇ ಕಳೆಯಿತು. ನಾನು ಅವರಿಗೆ ಮೇಡಂ, ಅವರು ನನಗೆ ಸಾರ್. ಮೂರನೆಯ ದಿನ ಮಧ್ಯಾಹ್ನ ಕುರ್ಚಿ ಎಳೆದುಕೊಂಡು ನನ್ನೆದುರು ಬಂದು ಕೂತರು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಮೇಡಂ, ಒಂದು ಸೂಕ್ಷ್ಮದ ವಿಷಯ. ಯಾರಿಗೂ ಹೇಳ್ಬೇಡಿ. ನನ್ ಕೋಣೇಲಿ ಒಂದು ಚೀಟಿ ಸಿಕ್ಕಿದೆ."

ನಾನು ಲೋಟ ಕೆಳಗಿಟ್ಟೆ.

"ಒಂದು ಹುಡುಗಿ ಕಾಲ ಹತ್ರ ಬಿದ್ದಿತ್ತು. ಅವಳದಲ್ಲ. ನಂಗೆ ಚೆನ್ನಾಗಿ ಗೊತ್ತು, ಅಕ್ಷರ ಅವಳದಲ್ಲ. ಏನ್ ಮಾಡೋದು ಹೇಳಿ."

ನೋಡೋ. ಯಾರೂ ಹೇಳಿಕೊಡದೆ, ಯಾರೂ ಬರೆಸದೆ, ಆ ಮಾತು ಅವರ ಬಾಯಿಂದಲೇ ಬಂತು. ಬದುಕಿನಲ್ಲಿ ನಾನು ಕೇಳಿದ್ದು ಅದೊಂದೇ ಮಾತು. ಬಂದಾಗ ಏನಾಗಬೇಕಿತ್ತು? ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಹದಿನಾರರಲ್ಲಿ ನುಂಗಿಕೊಂಡದ್ದೆಲ್ಲ ಒಟ್ಟಿಗೇ ಬಾಯಿಗೆ ಬಂತು.

"ಅವಳದಲ್ಲ ಅಂತ ಗೊತ್ತಿದ್ಮೇಲೆ ಕೇಳೋದೇನಿದೆ ಸಾರ್? ಬಿಟ್ಟುಬಿಡಿ!" ಎಂದೆ.

"ಬಿಡೋ ಹಾಗಿಲ್ವೇ. ನನ್ ಮಗಳು ಅವಳು. ಬಿಟ್ರೆ ಜನ ಏನಂತಾರೆ?"

"ಜನ ಅಂದ್ಕೊಳ್ಲಿ ಸಾರ್. ಅವಳ ಎರಡು ವರ್ಷ ಹೋಗುತ್ತೆ. ಯಾರೋ ಮಾಡಿದ್ದಕ್ಕೆ ಅವಳು ಕಳ್ಳಿ ಅನ್ನಿಸ್ಕೋಬೇಕಾ?"

ಬಹಳ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಆ ಹಣೆಯ ಗೆರೆ ನಿನಗೂ ಗೊತ್ತಲ್ಲ. ಆ ದಿನ ಇನ್ನೂ ಮುಗಿದಿಲ್ಲವೇನೋ, ಈಗಲೂ ತಿರುಗಬಹುದೇನೋ ಎಂದು, ದೊಡ್ಡ ಹೆಂಗಸು ನಾನು, ಕಾದೆ. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದರು:

"ಇಲ್ಲ ಮೇಡಂ. ತೆಗೀಲೇಬೇಕು."

ನಾನು ಎದ್ದು ನಿಂತು ಕೂಗಿದೆ. ಏನೇನು ಎಂದೆನೋ ಎಲ್ಲ ಬರೆಯುವುದಿಲ್ಲ. ನೀವು ಹೇಡಿ ಎಂದೆ. ಶಾಲು ಹೊದ್ದುಕೊಳ್ಳುವಾಗ ಹೆಗಲು ಸುಡಲಿಲ್ಲವೇ ಎಂದೆ. ನರ್ಸಮ್ಮ ಮಹಡಿಯಿಂದ ಇಳಿದು ಓಡಿಬಂದರು. ಮೇಷ್ಟ್ರು ಮಾತ್ರ ಕದಲಲಿಲ್ಲ. ಅಳಲೂ ಇಲ್ಲ, ಹೆದರಲೂ ಇಲ್ಲ. ಮುಖ ಕೆಂಪಗೆ ಮಾಡಿಕೊಂಡು, "ಇದು ನನ್ ಕೋಣೆ ಮೇಡಂ, ನಿರ್ಧಾರ ನಂದು" ಎಂದರು. ಆ ದನಿ, ಆ ಗತ್ತು! ನಿನ್ನ ಮುಂದೆ ಗುಂಡಿ ಹಾಕಿಸಿಕೊಳ್ಳಲು ಕೈ ಚಾಚುವ ಮುದುಕರದಲ್ಲ ಅದು.

ಮರುದಿನ ಅದೇ ಹೊತ್ತಿಗೆ ಮತ್ತೆ ಬಂದರು. ಹಿಂದಿನ ದಿನದ ಜಗಳ ನೆನಪಿಲ್ಲ. ಅದೇ ಚೀಟಿ, ಅದೇ ಹುಡುಗಿ, ಅದೇ "ಏನ್ ಮಾಡೋದು ಹೇಳಿ". ಅವತ್ತು ಮೆತ್ತಗೆ ವಾದಿಸಿದೆ. ಕೇಳಿದರು, ತಲೆದೂಗಿದರು, ಕೊನೆಗೆ "ತೆಗೀಲೇಬೇಕು". ಮುಂದಿನ ದಿನ ಅಮ್ಮನ ಹೆಸರೆತ್ತಿದೆ. ಆಗ ಸ್ವಲ್ಪ ಅಲುಗಿದರು. ಆದರೂ ತೆಗೆದರು. ನಿನ್ನೆ ತಡೆಯಲಾರದೆ, "ಸಾರ್, ಆ ಹುಡುಗಿ ನಾನೇ" ಎಂದುಬಿಟ್ಟೆ. ಕನ್ನಡಕ ಸರಿಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಏನೆಂದರು ಗೊತ್ತೇ?

"ಹಾಗಾದ್ರೆ ನೀವು ಇದ್ರಲ್ಲಿ ಮಾತಾಡೋ ಹಾಗಿಲ್ಲಮ್ಮ. ನೀವು ಸಂಬಂಧಪಟ್ಟೋರು."

ಸಿಟ್ಟಿನಲ್ಲಿ ನನಗೆ ನಗು ಬಂತು ಯಾಕಪ್ಪ. ಗೋಡೆ ಹಿಡಿದುಕೊಂಡು ನಕ್ಕೆ.

ಅವರು ಎಲ್ಲೂ ಇಲ್ಲ, ಅಳಿಸಿಹೋಗಿದ್ದಾರೆ ಎಂದು ಬರೆದೆಯಲ್ಲ, ಇಲ್ಲೇ ಇದ್ದಾರೆ. ದಿನವೂ ಕೇಳಿಕೊಂಡು, ಯೋಚಿಸಿಕೊಂಡು, ಎದುರಿಗೆ ಇನ್ನೊಂದು ದಾರಿ ಇದ್ದರೂ ಅದನ್ನೇ ಮಾಡುತ್ತಾರೆ. ಅವರ ಕೈಯನ್ನು ಯಾರೂ ತಳ್ಳುತ್ತಿಲ್ಲ, ಬಾಗಿಲಲ್ಲಿ ಹೆಡ್‌ಮಾಸ್ಟರೂ ಇಲ್ಲ. ನೀನು ಅವರನ್ನು ಪಾಪ ಪಾಪ ಎಂದು ನೋಡಿಕೊಂಡೆ, ಗುಂಡಿ ಹಾಕಿದೆ, ಬಟ್ಟೆ ಒಗೆದೆ. ಅದು ದೊಡ್ಡದು, ನನ್ನ ಕೈಯಲ್ಲಾಗುತ್ತಿರಲಿಲ್ಲ. ಆದರೆ ಅವರೊಡನೆ ಜಗಳಕ್ಕೆ ನಿಂತವರು ಬಹಳ ಕಾಲದಿಂದ ಯಾರೂ ಇರಲಿಲ್ಲ. ನರ್ಸಮ್ಮ ಹೇಳುತ್ತಾರೆ, ಇಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ಈ ವರ್ಷ ಕೇಳಿರಲಿಲ್ಲವಂತೆ.

ನಾನು ಕ್ಷಮಿಸಿಲ್ಲ. ಅದನ್ನು ನಿನ್ನ ಉತ್ತರಪತ್ರಿಕೆಯಲ್ಲಿ ಸುಂದರವಾಗಿ ಬರೆದು ಅಂಕ ಗಿಟ್ಟಿಸಲು ನೋಡಬೇಡ. ಕ್ಷಮಿಸುವುದಕ್ಕೆ ಮೊದಲು ಅವರು ಒಂದು ಸಲವಾದರೂ ಆ ಪತ್ರಿಕೆಯನ್ನು ಬೆಂಚಿನ ಮೇಲೆ ಬಿಡಬೇಕು.

ಬಂದರಿಗೆ ಬರೆದು ಇನ್ನೊಂದು ತಿಂಗಳ ರಜೆ ಕೇಳಿದ್ದೇನೆ, ಸಂಬಳವಿಲ್ಲದ್ದು. ನೀನು ಪರೀಕ್ಷೆ ಮುಗಿಸಿ ನಿಧಾನವಾಗಿ ಬಾ, ಗೆಳೆಯರ ಜೊತೆ ನಾಲ್ಕು ದಿನ ತಿರುಗಾಡು. ಇಲ್ಲಿ ಅವಸರವಿಲ್ಲ.

ಅಗೋ, ಅಪ್ಪ ಕುರ್ಚಿ ಎಳೆಯುತ್ತಿರುವ ಸದ್ದು ಕೇಳುತ್ತಿದೆ. ಇವತ್ತು ನನ್ನ ವಾದ ಬೇರೆ ಇದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಅಕ್ಕ